ಅಮ್ಮನ ಫೋನಿನ ಹೋಮ್ ಸ್ಕ್ರೀನ್: ಸಿಂಗರಿಸುವುದೋ, ಸರಳವಾಗಿಡುವುದೋ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ಮನೆ ಹೊಸನಗರದ ಕಡೆ. ನನ್ನ ಆಂಡ್ರಾಯ್ಡ್ ಫೋನಿಗೆ ಹೋಮ್ ಸ್ಕ್ರೀನನ್ನು ನಡೆಸುವ ಬೇರೊಂದು ಲಾಂಚರ್ ಆ್ಯಪ್, ಐಕಾನ್‌ಗಳ ರೂಪ ಬದಲಿಸುವ ಐಕಾನ್ ಪ್ಯಾಕ್, ಆ್ಯಪ್ ತೆರೆಯದೆಯೇ ಪರದೆಯ ಮೇಲೆ ಮಾಹಿತಿ ತೋರಿಸುವ ಗಡಿಯಾರ ಮತ್ತು ಹವಾಮಾನದ ವಿಜೆಟ್‌ಗಳನ್ನು ಹಾಕಿ ಚೆಂದವಾಗಿ ಹೊಂದಿಸಿಕೊಂಡಿದ್ದೇನೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಫೋನನ್ನೂ ಅದೇ ರೀತಿ ಮಾಡಿಕೊಟ್ಟೆ. ಈಗ ಅಮ್ಮನಿಗೆ ವಾಟ್ಸ್‌ಆ್ಯಪ್ ಕೂಡ ಸಿಗುತ್ತಿಲ್ಲ. ಅದೇ ಫೋನಿನಲ್ಲಿ ಅಡಿಕೆ ಧಾರಣೆ ನೋಡುತ್ತಿದ್ದ ಅಪ್ಪಯ್ಯ ಫೋನ್ ಮುಟ್ಟುವುದನ್ನೇ ಬಿಟ್ಟಿದ್ದಾರೆ. ಕಂಪನಿ ಹೇಗೆ ಕೊಟ್ಟಿದೆಯೋ ಹಾಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಗೆಳೆಯನೊಬ್ಬ ಹೇಳುತ್ತಾನೆ. ನನ್ನ ಫೋನು ಕೂಡ ಇತ್ತೀಚೆಗೆ ನಿಧಾನವಾಗಿದೆ. ಯಾವುದು ಸರಿ?

ಉತ್ತರ: ನಿಮ್ಮ ಫೋನನ್ನು ನಿಮ್ಮ ಇಷ್ಟದಂತೆ ಇಟ್ಟುಕೊಳ್ಳಿ, ತಾಯಿಯವರ ಫೋನನ್ನು ಮಾತ್ರ ಮುಂದಿನ ಸಲ ಊರಿಗೆ ಹೋದ ದಿನವೇ ಮೊದಲಿನ ಸ್ಥಿತಿಗೆ ತನ್ನಿ. ಹೀಗೆ ಹೇಳುವಾಗ ನಾನು ಸಿಂಗಾರದ ವಿರುದ್ಧವಾಗಲಿ ಸರಳತೆಯ ಪರವಾಗಲಿ ತೀರ್ಪು ಕೊಡುತ್ತಿಲ್ಲ. ನಿಮ್ಮ ತಾಯಿಯವರಿಗೆ ತೊಂದರೆಯಾದದ್ದು ಹೊಸ ಐಕಾನ್‌ಗಳು ಕೆಟ್ಟದಾಗಿದ್ದವು ಎಂಬ ಕಾರಣಕ್ಕಲ್ಲ. ಪ್ರತಿಯೊಂದು ವಸ್ತುವೂ ತನ್ನ ಜಾಗ ಬಿಟ್ಟು ಬೇರೆಡೆ ಹೋದದ್ದರಿಂದ. ಹಿರಿಯರಿಗೆ ಫೋನ್ ಬಳಕೆ ಕಲಿಸುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ನನ್ನ ಬಳಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಈ ಜಾಗದ ವಿಷಯದಲ್ಲಿಯೇ.

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿಯ ಪಕ್ಕದಲ್ಲಿ ಕುಳಿತು ನೋಡಿದ್ದನ್ನು ಹೇಳುತ್ತೇನೆ. ಅವರ ಮೊಮ್ಮಗ ಕರೆಯ ಐಕಾನನ್ನು ಕೆಳಗಿನ ಸಾಲಿನ ಎಡ ತುದಿಯಿಂದ ತೆಗೆದು ಮಧ್ಯಕ್ಕೆ ಇಟ್ಟಿದ್ದ. ಫೋನ್ ಮಾಡಿ ಎಂದಾಗಲೆಲ್ಲ ಅಜ್ಜಿಯ ಹೆಬ್ಬೆರಳು ನೇರವಾಗಿ ಎಡ ಮೂಲೆಗೆ ಹೋಗಿ, ಅಲ್ಲಿದ್ದ ಕ್ಯಾಮೆರಾವನ್ನು ತೆರೆಯುತ್ತಿತ್ತು. ನಾಲ್ಕು ಸಲ ಹೀಗಾಯಿತು. ಐಕಾನ್ ಎಲ್ಲಿದೆ ಎಂದು ಕೇಳಿದರೆ ಅವರು ಸರಿಯಾಗಿ ಮಧ್ಯಕ್ಕೆ ಬೆರಳು ಮಾಡಿ ತೋರಿಸುತ್ತಿದ್ದರು. ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮಳೆಗಾಲದ ರಾತ್ರಿ ಕರೆಂಟು ಹೋದಾಗ ನಮ್ಮ ಮನೆಗಳಲ್ಲಿ ಹಿರಿಯರು ಕತ್ತಲೆಯಲ್ಲಿಯೇ ಎದ್ದು ಹೋಗಿ ಗೋಡೆಯ ಗೂಡಿನಿಂದ ಬೆಂಕಿಪೊಟ್ಟಣ ತೆಗೆಯುವುದನ್ನು ನೀವು ಕಂಡಿರುತ್ತೀರಿ. ಆ ಬೆಂಕಿಪೊಟ್ಟಣವನ್ನು ಯಾರಾದರೂ ಇನ್ನೂ ಚೆಂದದ ಡಬ್ಬಿಗೆ ಹಾಕಿ ಬೇರೆ ಕಪಾಟಿನಲ್ಲಿ ಇಟ್ಟರೆ ಏನಾಗುತ್ತದೆಯೋ, ನಿಮ್ಮ ತಾಯಿಯವರಿಗೆ ಈಗ ಆಗಿರುವುದು ಅದೇ. ಅವರಿಗೆ ಫೋನ್ ಬರುವುದಿಲ್ಲ ಎಂದು ದಯವಿಟ್ಟು ಭಾವಿಸಬೇಡಿ. ಬರುತ್ತಿದ್ದ ವಿದ್ಯೆಯ ನೆಲೆಯನ್ನೇ ನಾವು ಕದಲಿಸಿದ್ದೇವೆ.

ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಂಪನಿ ಕೊಟ್ಟ ಪರದೆಯೇ ಸರಳವಾದ ಪರದೆ ಎಂಬ ನಂಬಿಕೆ ಒಂದು ಕಾಲಕ್ಕೆ ಐಫೋನಿನ ಮಟ್ಟಿಗೆ ಸರಿಯಾಗಿತ್ತು. 2007ರಲ್ಲಿ ಮೊದಲ ಐಫೋನ್ ಬಂದಾಗ ಅದರ ಹೋಮ್ ಸ್ಕ್ರೀನ್ ಕಪ್ಪು ಹಿನ್ನೆಲೆಯ ಮೇಲೆ ಸಾಲಾಗಿ ಕೂರಿಸಿದ ಐಕಾನ್‌ಗಳಷ್ಟೇ ಆಗಿತ್ತು. ಆ ಐಕಾನ್‌ಗಳ ಹಿಂದೆ ನಮ್ಮದೊಂದು ಚಿತ್ರ ಹಾಕಿಕೊಳ್ಳುವ ಅವಕಾಶ ಬಂದದ್ದು 2010ರಲ್ಲಿ, ಐಕಾನ್‌ಗಳ ನಡುವೆ ವಿಜೆಟ್ ಇಡುವ ಅವಕಾಶ ಬಂದದ್ದು 2020ರಲ್ಲಿ, ಐಕಾನನ್ನು ಪರದೆಯ ಯಾವುದೇ ಖಾಲಿ ಜಾಗದಲ್ಲಿ ಇಡುವ ಸ್ವಾತಂತ್ರ್ಯ ಸಿಕ್ಕಿದ್ದು 2024ರಲ್ಲಿ. ಆಂಡ್ರಾಯ್ಡ್ ಬೇರೆ ದಾರಿ ಹಿಡಿದಿತ್ತು. ಅದರ ಮೊದಲ ಫೋನ್ ಬಂದದ್ದು 2008ರಲ್ಲಿ. ಮರುವರ್ಷವೇ ಹೊರಗಿನವರು ಬರೆದ ವಿಜೆಟ್‌ಗಳಿಗೂ ಅಲ್ಲಿ ಬಾಗಿಲು ತೆರೆಯಿತು, ಹೋಮ್ ಸ್ಕ್ರೀನನ್ನು ನಡೆಸುವ ಲಾಂಚರನ್ನೇ ಬದಲಿಸಿಕೊಳ್ಳುವುದೂ ಅಲ್ಲಿ ಸಹಜವಾಯಿತು. ಆದರೆ ಇಂದು ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳನ್ನು ಪೆಟ್ಟಿಗೆಯಿಂದ ತೆಗೆದು ನೋಡಿ: ಯಾರೂ ಕೇಳದ ಆಟಗಳು, ಶಾಪಿಂಗ್ ಆ್ಯಪ್‌ಗಳು, ಬಲಕ್ಕೆ ಜಾರಿಸಿದರೆ ಸುದ್ದಿಯ ಪುಟ, ಲಾಕ್ ಸ್ಕ್ರೀನಿನ ಮೇಲೆ ದಿನಕ್ಕೊಂದು ಜಾಹೀರಾತಿನಂಥ ಚಿತ್ರ, ಎಲ್ಲವೂ ಮೊದಲೇ ತುಂಬಿರುತ್ತವೆ. ಅದೂ ಸಿಂಗಾರವೇ, ಬೇರೆಯವರ ಲಾಭಕ್ಕಾಗಿ ಮಾಡಿದ ಸಿಂಗಾರ. ಹಾಗಾಗಿ ಸರಳತೆ ಬೇಕೆಂದರೂ ಅದನ್ನು ನಾವೇ ಕುಳಿತು ಮಾಡಿಕೊಳ್ಳಬೇಕು.

ಈಗ ತಾಯಿಯವರ ಫೋನಿನ ಕೆಲಸ. ಇದಕ್ಕೆ ಒಂದು ಗಂಟೆ ಸಾಕು, ಆದರೆ ಫೋನನ್ನು ನಿಮ್ಮ ಕೈಗೆ ತೆಗೆದುಕೊಂಡು ಮೂಲೆಯಲ್ಲಿ ಕುಳಿತು ಮಾಡಬೇಡಿ. ಜಗಲಿಯಲ್ಲಿ ಅವರ ಪಕ್ಕದಲ್ಲಿ ಕುಳಿತು, ಫೋನನ್ನು ಅವರ ಕೈಯಲ್ಲಿಯೇ ಬಿಟ್ಟು ಮಾಡಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳು, ಅದರೊಳಗೆ ಡೀಫಾಲ್ಟ್ ಆ್ಯಪ್‌ಗಳು, ಅಲ್ಲಿ ಹೋಮ್ ಆ್ಯಪ್ ಎಂಬಲ್ಲಿಗೆ ಹೋಗಿ ಫೋನಿನ ಮೂಲ ಲಾಂಚರನ್ನು ಆಯ್ಕೆ ಮಾಡಿ. ಸಾಮಾನ್ಯವಾಗಿ ಹಳೆಯ ಜೋಡಣೆ ಆ ಲಾಂಚರಿನಲ್ಲಿ ಹಾಗೆಯೇ ಉಳಿದಿರುತ್ತದೆ, ನೀವು ಹಾಕಿದ ಹೊಸ ಲಾಂಚರ್ ಅದರ ಮೇಲೆ ಹೊದಿಸಿದ ಬಟ್ಟೆಯಂತೆ ಇರುತ್ತದೆಯಷ್ಟೆ. ಪರದೆ ಹಿಂದಿನಂತೆ ಕಂಡ ಕೂಡಲೇ ಅವರ ಬೆರಳು ತಾನಾಗಿ ತನ್ನ ದಾರಿ ಹಿಡಿಯುವುದನ್ನು ನೀವೇ ನೋಡುತ್ತೀರಿ.

ಅಲ್ಲಿಗೆ ನಿಲ್ಲಿಸಿದರೂ ನಡೆಯುತ್ತದೆ. ಇನ್ನಷ್ಟು ಅನುಕೂಲ ಮಾಡಿಕೊಡಬೇಕೆಂದಿದ್ದರೆ, ಅಕ್ಷರದ ಗಾತ್ರ ಮತ್ತು ಡಿಸ್‌ಪ್ಲೇ ಗಾತ್ರ, ಇವೆರಡನ್ನು ಮೊದಲು ಹೊಂದಿಸಿ. ಇವು ಬೇರೆ ಬೇರೆ: ಮೊದಲನೆಯದು ಬರಹವನ್ನು ಮಾತ್ರ ದೊಡ್ಡದು ಮಾಡುತ್ತದೆ, ಎರಡನೆಯದು ಐಕಾನು, ಗುಂಡಿ ಎಲ್ಲವನ್ನೂ. ಕೆಲವು ಫೋನ್‌ಗಳಲ್ಲಿ ಡಿಸ್‌ಪ್ಲೇ ಗಾತ್ರ ಬದಲಿಸಿದರೆ ಐಕಾನ್‌ಗಳ ಸಾಲುಗಳೇ ಏರುಪೇರಾಗುತ್ತವೆ, ಆದ್ದರಿಂದ ಜೋಡಣೆಗಿಂತ ಮುಂಚೆಯೇ ಈ ಕೆಲಸ ಮುಗಿದಿರಬೇಕು. ಬೆರಳಿನಿಂದ ಮುಟ್ಟುವ ಯಾವ ಗುಂಡಿಯೂ 48 ಡಿಪಿಗಿಂತ (ಡಿಪಿ ಎಂಬುದು ಆಂಡ್ರಾಯ್ಡ್ ಪರದೆಯ ಅಳತೆಯ ಮಾನ), ಎಂದರೆ ಸುಮಾರು 9 ಮಿಲಿಮೀಟರಿಗಿಂತ ಚಿಕ್ಕದಿರಬಾರದು ಎಂಬುದು ಆಂಡ್ರಾಯ್ಡಿನ ವಿನ್ಯಾಸ ಸೂಚನೆ. ತೋಟದ ಕೆಲಸ ಮಾಡಿ ದಪ್ಪಗಾದ, ಅಡಿಕೆ ಸುಲಿದು ಒರಟಾದ ಬೆರಳಿಗೆ ಅದೂ ಸಾಲದು ಎಂಬುದು ನನ್ನ ಅನುಭವ. ಹತ್ತಿರವಿರುವ ಮತ್ತು ದೊಡ್ಡದಾಗಿರುವ ಗುರಿಯನ್ನು ಕೈ ಬೇಗ ಮುಟ್ಟುತ್ತದೆ ಎಂಬುದನ್ನು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಪರದೆಯ ಕೆಳಗಿನ ಸಾಲು ಹೆಬ್ಬೆರಳಿಗೆ ಹತ್ತಿರವಿದ್ದು, ಪುಟ ಬದಲಿಸಿದರೂ ಕದಲದೆ ನಿಲ್ಲುವುದರಿಂದ ದಿನವೂ ಬೇಕಾಗುವ ನಾಲ್ಕು ಆ್ಯಪ್‌ಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕರೆ ಮತ್ತು ವಾಟ್ಸ್‌ಆ್ಯಪ್ ಈಗಾಗಲೇ ಅಲ್ಲಿದ್ದರೆ ಅವು ಯಾವ ಮನೆಯಲ್ಲಿವೆಯೋ ಅದೇ ಮನೆಯಲ್ಲಿ ಇರಲಿ.

ಆಮೇಲೆ ತೆಗೆಯುವ ಕೆಲಸ. ಬೇಡದ ಐಕಾನ್‌ಗಳನ್ನು ತೆಗೆದಾಗ ಉಳಿದವು ಜರುಗಿ ಆ ಖಾಲಿ ಜಾಗವನ್ನು ತುಂಬದಂತೆ ನೋಡಿಕೊಳ್ಳಿ. ಜಾಗ ಖಾಲಿಯೇ ಇರಲಿ, ಅದರಿಂದ ಯಾವ ನಷ್ಟವೂ ಇಲ್ಲ. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಎಲ್ಲ ಆ್ಯಪ್‌ಗಳ ಪಟ್ಟಿ ಬೇರೆಯಾಗಿರುವ ಫೋನಿನಲ್ಲಿ ಹೋಮ್ ಸ್ಕ್ರೀನಿನಿಂದ ಐಕಾನ್ ತೆಗೆದರೆ ಆ್ಯಪ್ ಒಳಗೆ ಉಳಿದಿರುತ್ತದೆ, ಆದರೆ ಅಂಥ ಪಟ್ಟಿಯೇ ಇಲ್ಲದೆ ಎಲ್ಲವನ್ನೂ ಹೋಮ್ ಸ್ಕ್ರೀನಿನಲ್ಲಿಯೇ ಹರಡಿಡುವ ಫೋನಿನಲ್ಲಿ ಐಕಾನ್ ತೆಗೆಯುವುದೆಂದರೆ ಆ್ಯಪನ್ನೇ ಅಳಿಸುವುದು. ವಾಟ್ಸ್‌ಆ್ಯಪ್ ಹೀಗೆ ಅಳಿಸಿಹೋಗಿ, ಬ್ಯಾಕಪ್ ಇಲ್ಲದೆ, ಮಗಳ ಮದುವೆಯ ಮಾತುಕತೆಯ ಸಂದೇಶಗಳನ್ನೆಲ್ಲ ಕಳೆದುಕೊಂಡ ತಾಯಿಯೊಬ್ಬರನ್ನು ಕಂಡಿದ್ದೇನೆ. ತೆಗೆಯುವ ಮುನ್ನ ಫೋನ್ ಯಾವ ಬಗೆಯದು ಎಂದು ಒಂದು ಬೇಡದ ಆ್ಯಪಿನ ಮೇಲೆ ಪರೀಕ್ಷಿಸಿ ನೋಡಿ.

ಉಳಿದ ಜಾಗದಲ್ಲಿ ನಾನು ತಪ್ಪದೆ ಇಡಿಸುವುದು ನೇರ ಕರೆಯ ಶಾರ್ಟ್‌ಕಟ್. ವಿಜೆಟ್‌ಗಳ ಪಟ್ಟಿಯಲ್ಲಿ ಸಂಪರ್ಕ ಎಂಬಲ್ಲಿ ಇದು ಸಿಗುತ್ತದೆ. ಮಗನ, ಮಗಳ, ಪಕ್ಕದ ಮನೆಯವರ ಮುಖವೇ ಪರದೆಯ ಮೇಲಿರುತ್ತದೆ, ಮುಟ್ಟಿದರೆ ಕರೆ ಹೋಗುತ್ತದೆ. ಹೆಸರು ಹುಡುಕುವ, ಅಕ್ಷರ ಒತ್ತುವ ಕೆಲಸವಿಲ್ಲ. ನಿಮ್ಮ ಭಾವಚಿತ್ರವನ್ನು ಹಾಕುವಾಗ ದೂರದಿಂದ ತೆಗೆದ ಚಿತ್ರ ಬೇಡ, ಮುಖವಷ್ಟೇ ತುಂಬಿರುವ ಚಿತ್ರವಿರಲಿ; ಅಷ್ಟು ಚಿಕ್ಕ ವೃತ್ತದಲ್ಲಿ ಉಳಿದದ್ದೇನೂ ಕಾಣುವುದಿಲ್ಲ.

ಭಾಷೆಯ ವಿಷಯವನ್ನೂ ಕೇಳಿಯೇ ಮಾಡಿ. ಆಂಡ್ರಾಯ್ಡಿನ ಮೆನುಗಳು 2014ರ ಲಾಲಿಪಾಪ್ ಆವೃತ್ತಿಯಿಂದಲೇ ಕನ್ನಡದಲ್ಲಿ ಲಭ್ಯವಿವೆ, ಅವನ್ನು ಬಳಸುವವರು ಇನ್ನೂ ಹೆಚ್ಚಬೇಕೆಂಬುದು ನನ್ನ ಮನಸ್ಸಿನ ಆಸೆ. ಆದರೂ ಇಂಗ್ಲಿಷ್ ಮೆನುವಿನಲ್ಲಿ ಮೂರನೆಯ ಸಾಲು, ಹಸಿರು ಗುಂಡಿ ಎಂದು ಗುರುತು ಇಟ್ಟುಕೊಂಡು ರೂಢಿಯಾದವರಿಗೆ ಭಾಷೆ ಬದಲಾದರೆ ಮತ್ತೊಂದು ಸುತ್ತಿನ ಗೊಂದಲ. ಸಂಪರ್ಕಗಳ ಹೆಸರುಗಳನ್ನು ಮಾತ್ರ ಕನ್ನಡದಲ್ಲಿ ಬರೆದುಕೊಟ್ಟು, ಮೆನುವಿನ ನಿರ್ಧಾರವನ್ನು ಅವರಿಗೇ ಬಿಡಿ.

ಇಲ್ಲಿಯೇ ಐಕಾನ್ ಪ್ಯಾಕಿನ ಪ್ರಶ್ನೆ ಬರುತ್ತದೆ, ಇದರ ಬಗ್ಗೆ ನನ್ನದು ಗಟ್ಟಿಯಾದ ಅಭಿಪ್ರಾಯ. 2021ರ ಆಂಡ್ರಾಯ್ಡ್ 12 ವಾಲ್‌ಪೇಪರಿನಿಂದ ಬಣ್ಣ ಹೀರಿಕೊಂಡು ಇಡೀ ಫೋನಿಗೆ ಹಚ್ಚುವ ವಿನ್ಯಾಸವನ್ನು ತಂದಿತು, ಮರುವರ್ಷದ ಆವೃತ್ತಿ ಹೊರಗಿನ ಆ್ಯಪ್‌ಗಳ ಐಕಾನ್‌ಗಳನ್ನೂ ಅದೇ ಬಣ್ಣಕ್ಕೆ ಇಳಿಸಿತು. ನೋಡಲು ಸೊಗಸು ನಿಜ. ಆದರೆ ಹೆಸರನ್ನು ಓದುವ ಮೊದಲೇ ಕಣ್ಣು ಹಿಡಿಯುವುದು ಬಣ್ಣವನ್ನು. ವಾಟ್ಸ್‌ಆ್ಯಪಿನ ಹಸಿರು, ಯೂಟ್ಯೂಬಿನ ಕೆಂಪು, ಇವು ನಿಮ್ಮ ತಾಯಿಯವರ ಮಟ್ಟಿಗೆ ಅಕ್ಷರಗಳೇ. ಎಲ್ಲ ಐಕಾನ್‌ಗಳನ್ನೂ ಒಂದೇ ಬಗೆಯ ತಿಳಿ ಬೂದಿಗೆ ತಂದರೆ ಅಡುಗೆಮನೆಯ ಎಲ್ಲ ಡಬ್ಬಿಗಳನ್ನೂ ಒಂದೇ ಮುಚ್ಚಳದ ಸ್ಟೀಲ್ ಡಬ್ಬಿಗಳಾಗಿ ಬದಲಿಸಿದಂತೆ: ಸಾಲು ಚೆಂದ ಕಾಣುತ್ತದೆ, ಆದರೆ ಜೀರಿಗೆ ಬೇಕೆಂದಾಗ ನಾಲ್ಕು ಡಬ್ಬಿ ತೆರೆಯಬೇಕಾಗುತ್ತದೆ. ಓದಿನ ರೂಢಿ ಕಡಿಮೆಯಿರುವವರ, ಕಣ್ಣಿನ ಪೊರೆ ಬಂದವರ ಫೋನಿನಲ್ಲಿ ಇದನ್ನು ಮಾಡಲೇಬಾರದು.

ಇದೆಲ್ಲ ಮುಗಿದ ಮೇಲೆ ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಜೋಡಣೆಯನ್ನು ಲಾಕ್ ಮಾಡುವ ಆಯ್ಕೆ ಇದ್ದರೆ ಅದನ್ನು ಹಾಕಿ, ಹೊಸ ಆ್ಯಪ್‌ಗಳು ತಾವಾಗಿ ಹೋಮ್ ಸ್ಕ್ರೀನಿಗೆ ಬಂದು ಕೂರುವುದನ್ನು ನಿಲ್ಲಿಸಿ. ಹಿರಿಯರ ಬೆರಳು ಮುಟ್ಟಿದ ಜಾಗದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ, ಫೋನು ಅದನ್ನು ಒತ್ತಿ ಹಿಡಿದಂತೆ ಎಂದು ತಿಳಿದು ಐಕಾನನ್ನು ಎತ್ತಿಬಿಡುತ್ತದೆ. ಐಕಾನ್‌ಗಳು ಮಾಯವಾಗುತ್ತವೆ ಎಂಬ ದೂರಿನ ಹಿಂದೆ ಬಹುತೇಕ ಇರುವುದು ಇದೇ. ಕೆಳಗಿನ ಮೂರು ಗುಂಡಿಗಳ ಬದಲು ಬೆರಳು ಜಾರಿಸುವ ಪದ್ಧತಿಯನ್ನು ನೀವು ಹಾಕಿಕೊಟ್ಟಿದ್ದರೆ ಅದನ್ನೂ ಹಿಂದಕ್ಕೆ ತನ್ನಿ. ಕಣ್ಣಿಗೆ ಕಾಣುವ ಗುಂಡಿಯನ್ನು ನೆನಪಿಡಬೇಕಾಗಿಲ್ಲ.

ಫೋನಿನಲ್ಲಿಯೇ ಇರುವ ಈಸಿ ಮೋಡ್ ಬಗ್ಗೆ ಅನೇಕರು ಕೇಳುತ್ತಾರೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಅದು ಇದೇ ಹೆಸರಿನಲ್ಲಿದೆ, ಐಫೋನಿನಲ್ಲಿ 2023ರಿಂದ ಅಸಿಸ್ಟಿವ್ ಆ್ಯಕ್ಸೆಸ್ ಎಂಬ ಇನ್ನೂ ಸರಳವಾದ ಏರ್ಪಾಡು ಇದೆ. ಹೊಸ ಫೋನ್ ಕೈಗೆ ಬಂದ ದಿನವೇ ಹಾಕಿಕೊಟ್ಟರೆ ಇವು ಬಹಳ ಒಳ್ಳೆಯವು. ಎರಡು ವರ್ಷ ಬಳಸಿದ ಫೋನನ್ನು ದಿಢೀರನೆ ಈಸಿ ಮೋಡಿಗೆ ಹಾಕಿದರೆ ಅಲ್ಲಿಯೂ ಎಲ್ಲವೂ ಜಾಗ ಬಿಡುತ್ತದೆ, ನೀವು ಮಾಡಿದ ತಪ್ಪೇ ಮತ್ತೊಂದು ಹೆಸರಿನಲ್ಲಿ ಆಗುತ್ತದೆ.

ಇನ್ನು ನಿಮ್ಮ ತಂದೆಯವರ ವಿಷಯ. ಅವರಿಗೆ ಸರಳತೆ ಮಾತ್ರ ಸಾಲದು, ಒಂದು ವಿಜೆಟ್ ನಿಜವಾಗಿ ಬೇಕಾಗಬಹುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮಳೆ ಹೊಳವಾಗುವ ಅರ್ಧ ದಿನವನ್ನು ಹಿಡಿಯಬೇಕು, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಹಿಂದಿನ ದಿನವೇ ಹೇಳಿಕಳಿಸಬೇಕು. ಅಂಥ ಹೊತ್ತಿನಲ್ಲಿ ಆ್ಯಪ್ ತೆರೆಯದೆ ಒಂದು ನೋಟಕ್ಕೆ ಮುನ್ಸೂಚನೆ ಕಂಡರೆ ಅದು ಉಪಕಾರವೇ. ಆದರೆ ನಮ್ಮ ಘಟ್ಟದ ಊರುಗಳಲ್ಲಿ ವಿಜೆಟ್ಟಿಗೆ ಒಂದು ದೋಷವಿದೆ. ಆಂಡ್ರಾಯ್ಡ್ ತನ್ನ ಸಾಮಾನ್ಯ ಏರ್ಪಾಡಿನಲ್ಲಿ ವಿಜೆಟ್‌ಗಳನ್ನು ಹೆಚ್ಚೆಂದರೆ 30 ನಿಮಿಷಕ್ಕೊಮ್ಮೆ ಹೊಸದಾಗಿಸುತ್ತದೆ. ಆ ಹೊತ್ತಿಗೆ ನೆಟ್‌ವರ್ಕ್ ಇಲ್ಲದಿದ್ದರೆ ಹಳೆಯ ಮಾಹಿತಿಯೇ ಹೊಸದರಂತೆ ಪರದೆಯ ಮೇಲೆ ನಿಂತಿರುತ್ತದೆ. ನಿನ್ನೆ ಬೆಳಿಗ್ಗೆಯ ಬಿಸಿಲಿನ ಚಿತ್ರವನ್ನು ಇವತ್ತಿನದೆಂದು ನಂಬಿ ಔಷಧಿ ಹೊಡೆಸಿದರೆ ಆಳಿನ ಕೂಲಿಯೂ ಮೈಲುತುತ್ತವೂ ಮಳೆಯಲ್ಲಿ ತೊಳೆದುಹೋಗುತ್ತವೆ. ಕೊನೆಯ ಸಲ ಯಾವಾಗ ಮಾಹಿತಿ ಬಂದಿತು ಎಂಬ ಸಮಯವನ್ನು ತೋರಿಸುವ ವಿಜೆಟ್ಟನ್ನು ಮಾತ್ರ ಇಡಿ, ಆ ಸಮಯವನ್ನು ಮೊದಲು ನೋಡಲು ತಂದೆಯವರಿಗೆ ಹೇಳಿಕೊಡಿ.

ಅಡಿಕೆ ಧಾರಣೆಗೆ ವಿಜೆಟ್ ಬೇಡ. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ದರ ಮಾರುಕಟ್ಟೆಯ ವಹಿವಾಟು ಮುಗಿದ ಮೇಲೆ ದಿನಕ್ಕೊಮ್ಮೆ ತಿಳಿಯುವಂಥದ್ದು, ಅರ್ಧ ಗಂಟೆಗೊಮ್ಮೆ ಅದನ್ನು ಹುಡುಕುತ್ತಾ ಫೋನು ಕುಳಿತಿರುವುದರಲ್ಲಿ ಅರ್ಥವಿಲ್ಲ. ಒಂದು ಐಕಾನ್, ಯಾವಾಗಲೂ ಒಂದೇ ಜಾಗದಲ್ಲಿ, ಸಾಕು. ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಿಗಾಗಿ ದಾಮಿನಿ ಆ್ಯಪ್ ಹಾಕಿಕೊಟ್ಟಿದ್ದರೆ ಅದರ ಐಕಾನ್ ಎಲ್ಲಿದೆ ಎಂಬುದು ಮುಖ್ಯವಲ್ಲ. ಅದರ ಕೆಲಸ ನಡೆಯುವುದು ಎಚ್ಚರಿಕೆಯ ಸಂದೇಶದಲ್ಲಿ. ಪರದೆ ಸ್ವಚ್ಛವಾಗಿರಲಿ ಎಂದು ಎಲ್ಲ ನೋಟಿಫಿಕೇಶನ್‌ಗಳನ್ನು ಒಟ್ಟಿಗೆ ನಿಲ್ಲಿಸುವವರು ಅದನ್ನೂ ನಿಲ್ಲಿಸಿಬಿಡುತ್ತಾರೆ. ಅದೊಂದನ್ನು ದಯವಿಟ್ಟು ತೆರೆದಿಡಿ, ಲೊಕೇಶನ್ ಅನುಮತಿಯನ್ನೂ ಕೊಟ್ಟಿರಿ.

ಕೊನೆಗೆ ನಿಮ್ಮ ಫೋನು. ಇಲ್ಲಿ ನಿಮ್ಮ ಸಂತೋಷವೂ ಒಂದು ಉಪಯೋಗವೇ. ದಿನಕ್ಕೆ ಹತ್ತಾರು ಸಲ ನೋಡುವ ವಸ್ತು ತನಗೆ ಹಿಡಿಸುವಂತೆ ಇರಬೇಕೆಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ನಿಧಾನವಾಗಿರುವುದಕ್ಕೆ ಕಾರಣ ಬಹುಶಃ ಹೀಗಿದೆ: ಹೊರಗಿನ ಲಾಂಚರ್ ಕೂಡ ಒಂದು ಆ್ಯಪೇ. ಮೆಮೊರಿ ಕಡಿಮೆಯಿರುವ ಫೋನಿನಲ್ಲಿ ನೀವು ಕ್ಯಾಮೆರಾ ಅಥವಾ ಆಟವನ್ನು ತೆರೆದಾಗ ಆಂಡ್ರಾಯ್ಡ್ ಲಾಂಚರನ್ನು ಮುಚ್ಚಿಬಿಡುತ್ತದೆ. ಹಿಂತಿರುಗಿ ಬಂದಾಗ ಅದು ಮತ್ತೆ ಮೊದಲಿನಿಂದ ಎದ್ದುಕೊಳ್ಳಬೇಕು, ಒಂದು ಕ್ಷಣ ವಾಲ್‌ಪೇಪರ್ ಮಾತ್ರ ಕಂಡು ಆಮೇಲೆ ಐಕಾನ್‌ಗಳು ಒಂದೊಂದಾಗಿ ಮೂಡುತ್ತಿದ್ದರೆ ಇದೇ ಲಕ್ಷಣ. ಚಲಿಸುವ ವಾಲ್‌ಪೇಪರ್ ಇದ್ದರೆ ತೆಗೆಯಿರಿ, ವಿಜೆಟ್‌ಗಳನ್ನು ಎರಡಕ್ಕೆ ಇಳಿಸಿ, ಒಂದು ವಾರ ನೋಡಿ. ಸಿಗ್ನಲ್ ದುರ್ಬಲವಾಗಿರುವ ಕಡೆ ಫೋನಿನ ರೇಡಿಯೊ ಹೆಚ್ಚು ಶಕ್ತಿ ವ್ಯಯಿಸುವುದರಿಂದ, ನಗರದಲ್ಲಿ ಲೆಕ್ಕಕ್ಕೆ ಬಾರದ ವಿಜೆಟ್ ಊರಿಗೆ ಹೋದಾಗ ಬ್ಯಾಟರಿಯನ್ನು ಸಂಜೆಯೊಳಗೆ ಇಳಿಸಬಲ್ಲದು.

ಕಪ್ಪು ಹಿನ್ನೆಲೆಯಿಂದ ಬ್ಯಾಟರಿ ಉಳಿಯುತ್ತದೆ ಎಂಬ ಮಾತು ಓಎಲ್‌ಇಡಿ ಪರದೆಗೆ ಮಾತ್ರ ಅನ್ವಯಿಸುತ್ತದೆ, ಅಲ್ಲಿ ಕಪ್ಪು ಚುಕ್ಕೆ ಎಂದರೆ ಆರಿದ ಚುಕ್ಕೆ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಹೇಗಿದ್ದರೂ ಉರಿಯುತ್ತಲೇ ಇರುತ್ತದೆ. ಓಎಲ್‌ಇಡಿಯಲ್ಲಿಯೂ ಅತಿಯಾದ ನಿರೀಕ್ಷೆ ಬೇಡ: ಆ್ಯಪ್‌ಗಳ ಡಾರ್ಕ್ ಮೋಡ್ ಕುರಿತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಳಪು ಪೂರ್ತಿ ಇದ್ದಾಗ ಸರಾಸರಿ ಶೇ. 39ರಿಂದ 47ರಷ್ಟು ಉಳಿತಾಯ ಕಂಡರೂ, ನಾವು ಒಳಾಂಗಣದಲ್ಲಿ ಇಟ್ಟುಕೊಳ್ಳುವ ಶೇ. 30ರಿಂದ 50ರ ಹೊಳಪಿನಲ್ಲಿ ಅದು ಶೇ. 3ರಿಂದ 9ರಷ್ಟೇ. ವಾಲ್‌ಪೇಪರ್ ಆರಿಸುವಾಗ ಬ್ಯಾಟರಿಗಿಂತ ಓದಿಸಿಕೊಳ್ಳುವ ಗುಣವನ್ನು ನೋಡಿ. ಮಳೆಗಾಲದ ಜೋಗದ ಚಿತ್ರವನ್ನು ನಮ್ಮಲ್ಲಿ ಎಷ್ಟೊಂದು ಜನ ಹಾಕಿಕೊಳ್ಳುತ್ತಾರೆ. ಆ ಬಿಳಿ ನೊರೆಯ ಮೇಲೆ ಐಕಾನಿನ ಬಿಳಿ ಹೆಸರುಗಳು ಒಂದೂ ಕಾಣುವುದಿಲ್ಲ. ಅದೇ ಚಿತ್ರವನ್ನು ಲಾಕ್ ಸ್ಕ್ರೀನಿಗೆ ಹಾಕಿ, ಅಲ್ಲಿ ಅದು ಪೂರ್ತಿಯಾಗಿ ಮೆರೆಯುತ್ತದೆ. ಹೋಮ್ ಸ್ಕ್ರೀನಿಗೆ ಕಾಡಿನ ದಟ್ಟ ಹಸಿರೋ ಮೋಡದ ಬೂದಿಯೋ, ಒಂದೇ ಹದದ ಚಿತ್ರವಿರಲಿ.

ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ಐಕಾನ್ ಪ್ಯಾಕ್, ಥೀಮ್, ವಾಲ್‌ಪೇಪರ್ ಎಂಬ ಹೆಸರಿನ ಆ್ಯಪ್ ಎಸ್‌ಎಂಎಸ್, ಸಂಪರ್ಕಗಳು ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಕೂಡಲೇ ಅದನ್ನು ತೆಗೆದುಹಾಕಿ. ಐಕಾನಿಗೆ ಬಣ್ಣ ಹಚ್ಚಲು ನಿಮ್ಮ ಬ್ಯಾಂಕಿನ ಒಟಿಪಿ ಓದುವ ಅಗತ್ಯ ಯಾರಿಗೂ ಇಲ್ಲ. ಕೆಲವು ಒಳ್ಳೆಯ ಲಾಂಚರ್‌ಗಳು ಎರಡು ಸಲ ತಟ್ಟಿ ಪರದೆ ಮುಚ್ಚುವ ಸೌಕರ್ಯಕ್ಕಾಗಿ ಆ್ಯಕ್ಸೆಸಿಬಿಲಿಟಿ ಕೇಳುವುದುಂಟು. ಆದರೆ ಆ ಅನುಮತಿ ಪರದೆಯ ಮೇಲಿರುವುದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಗುಂಡಿಯನ್ನೂ ಒತ್ತಬಲ್ಲದು. ಪಕ್ಕದ ಪವರ್ ಬಟನ್ ಒತ್ತುವ ಶ್ರಮ ಉಳಿಸಲು ಅಷ್ಟು ದೊಡ್ಡ ಬೆಲೆ ಕೊಡಬೇಡಿ. ತಾಯಿಯವರ ಫೋನಿನಲ್ಲಿ ಇಂಥ ಅನುಮತಿ ಕೊಟ್ಟಿದ್ದರೆ ಲಾಂಚರ್ ಬದಲಿಸಿ ಸುಮ್ಮನಾಗಬೇಡಿ, ಆ ಆ್ಯಪ್‌ಗಳನ್ನು ಪೂರ್ತಿಯಾಗಿ ಅಳಿಸಿ.

ಎಲ್ಲ ಮುಗಿಸಿ ಶಿವಮೊಗ್ಗಕ್ಕೆ ಹೊರಡುವ ಮುನ್ನ ತಾಯಿಯವರ ಹೋಮ್ ಸ್ಕ್ರೀನಿನ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಮುಂದಿನ ಸಲ ಅವರು ಕರೆ ಮಾಡಿ ಏನೋ ಸಿಗುತ್ತಿಲ್ಲ ಎಂದಾಗ ಆ ಚಿತ್ರವನ್ನು ಎದುರಿಗಿಟ್ಟುಕೊಂಡು, ಸ್ಪೀಕರ್ ಹಾಕಿಕೋ ಅಮ್ಮ, ಕೆಳಗಿನ ಸಾಲಿನಲ್ಲಿ ಎಡಗಡೆಯಿಂದ ಎರಡನೆಯದು ಎಂದು ನೀವು ಹೇಳಿದರೆ ಅವರು ಅಲ್ಲಿಯೇ ಅದನ್ನು ಮುಟ್ಟುತ್ತಾರೆ.